ಪರ್ಸ್ ಬೀರುವಿನಲ್ಲೇ ಇರಲಿ

ಜೂನ್ ೫, ಗುರುವಾರ

ಕಂಪನಿಯ ಸರ್ವಿಸ್ ಪುಸ್ತಕವೊಂದು ನನ್ನ ಬ್ಯಾಗಿನಲ್ಲೇ ಉಳಿದುಬಿಟ್ಟಿದೆ. ವಾಪಸ್ ಕೊಡೋಣವೆಂದರೆ ಕಂಪನಿಯೇ ಇಲ್ಲ. ದೊಡ್ಡದೊಂದು ಕಂಪನಿ ಅದನ್ನು ನುಂಗಿತು, ನುಂಗುವಾಗ ಹನ್ನೊಂದು ಜನ ಲಿಫ್ಟ್ ಮೆಕ್ಯಾನಿಕ್‌ಗಳನ್ನು ಉಗುಳಿತು. ಅವರಲ್ಲಿ ನಾನೊಬ್ಬ. ಹದಿನೇಳು ವರ್ಷದ ಕೆಲಸ ಸೋಮವಾರ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಮುಗಿಯಿತು. ಪುಸ್ತಕದಲ್ಲಿ ಖಾಲಿ ಹಾಳೆಗಳು ಬೇಕಾದಷ್ಟಿವೆ. ಪ್ರತಿ ಹಾಳೆಯಲ್ಲೂ ನಾಲ್ಕು ಅಂಕಣ: ದೂರು, ಮಾಡಿದ ಕೆಲಸ, ಹಾಕಿದ ಹೊಸ ಸಾಮಾನು, ಗ್ರಾಹಕರ ಸಹಿ. ಅವುಗಳ ಮೇಲೆಯೇ ಅಡ್ಡಡ್ಡವಾಗಿ ಬರೆಯುತ್ತಿದ್ದೇನೆ. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ಕೆಲಸ ಹೋದದ್ದು ಒಂದು. ಇನ್ನೊಂದು, ನಿನ್ನೆ ಮಗಳ ಅಮ್ಮನಿಂದ ಬಂದ ಫೋನು. ನಾವಿಬ್ಬರೂ ಬೇರೆಯಾಗಿ ಎಂಟು ತಿಂಗಳಾಯಿತು. ಶನಿವಾರ ಬೆಳಿಗ್ಗೆ ಹತ್ತರಿಂದ ಭಾನುವಾರ ಸಂಜೆ ಆರರವರೆಗೆ ಮಗಳು ನನ್ನ ಹತ್ತಿರ ಇರುತ್ತಾಳೆ. ಅವಳಿಗೆ ಹತ್ತು ವರ್ಷ. ಏನೇ ಕೊಟ್ಟರೂ ಎರಡೂ ಕೆನ್ನೆಯಲ್ಲಿ ತುಂಬಿಕೊಂಡು ತಿನ್ನುತ್ತಿದ್ದ ಕಾಲದಿಂದ ಅವಳು ನನಗೆ ಇಣಚಿ, ಅಳಿಲುಮರಿ.

“ಭಾನುವಾರ ಸಂಜೆ ಬಂದಾಗ ಅವಳ ಮುಖ ನೋಡಕ್ಕಾಗಲ್ಲ,” ಎಂದಳು ಅವಳ ಅಮ್ಮ. “ಅಷ್ಟು ಸಪ್ಪಗಿರ್ತಾಳೆ. ಪ್ರತಿ ವಾರ ಯಾಕೆ ಎಳ್ಕೊಂಡು ಹೋಗೋದು? ತಿಂಗಳಿಗೊಂದ್ಸಲ ಸಾಕೇನೋ.”

“ಅದನ್ನ ನೀನು ತೀರ್ಮಾನ ಮಾಡ್ತೀಯಾ?”

“ಇಲ್ಲ. ಜುಲೈ ಕೊನೇಲಿ ಅವಳನ್ನೇ ಕೇಳ್ತೀನಿ. ಅವಳು ಏನಂತಾಳೋ ಅದೇ.”

ಪ್ರತಿ ವಾರ ಮಾಲ್, ಸಿನಿಮಾ, ಪಿಜ್ಜಾ, ಆಟದ ಮಷೀನುಗಳು. ಎಲ್ಲಿಯೂ ಕೈ ಬಿಗಿ ಹಿಡಿದವನಲ್ಲ ನಾನು. ಅಷ್ಟು ಮಾಡಿಯೂ ಸಪ್ಪಗಿರುತ್ತಾಳೆಂದರೆ ಇನ್ನೂ ಜಾಸ್ತಿ ಮಾಡಬೇಕಿತ್ತು ಎಂದಾಯಿತು. ಜಾಸ್ತಿ ಮಾಡಬೇಕಾದ ಹೊತ್ತಿಗೆ ಸರಿಯಾಗಿ ಕೈ ಖಾಲಿ.

ಆದರೆ ಕೈ ಕಟ್ಟಿ ಕೂರುವವನಲ್ಲ. ಕೆಲಸ ಹೋದದ್ದು ಮಗಳಿಗೆ ಗೊತ್ತಾಗಬಾರದು, ಅವಳ ಅಮ್ಮನಿಗಂತೂ ಗೊತ್ತಾಗಲೇಬಾರದು. ಯಾರ ಮುಂದೆಯೂ ಕೈ ಚಾಚಬಾರದು. ಇಣಚಿ ಮಾತ್ರ ಜುಲೈ ಕೊನೆಗೆ “ಪ್ರತಿ ವಾರ” ಎನ್ನಬೇಕು. ಶುಕ್ರವಾರ ಸಂಜೆಯೇ ಪರ್ಸ್ ಬೀರುವಿನೊಳಗೆ ಇಟ್ಟುಬಿಡುತ್ತೇನೆ. ಜೇಬಿನಲ್ಲಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ.

ಜೂನ್ ೭, ಶನಿವಾರ

ವೇಳಾಪಟ್ಟಿ ಮಾಡಿದ್ದೆ. ಹತ್ತಕ್ಕೆ ಕರೆತರುವುದು (ಬೈಕಿಗೆ ಪೆಟ್ರೋಲ್ ಬೇಕು, ನಡೆದೇ), ಹನ್ನೊಂದಕ್ಕೆ ಪಾರ್ಕು, ಹನ್ನೆರಡಕ್ಕೆ ಲೈಬ್ರರಿ, ಒಂದಕ್ಕೆ ಊಟ, ಎರಡಕ್ಕೆ ಕೇರಂ, ನಾಲ್ಕಕ್ಕೆ ಕೆರೆ. ಪಾರ್ಕು ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಲೈಬ್ರರಿಗೆ ಬೀಗ. ಹನ್ನೊಂದೂ ಮುಕ್ಕಾಲಿಗೆ ಇಣಚಿ ನನ್ನ ಮುಖ ನೋಡಿದಳು.

“ಇನ್ನೇನು ಅಪ್ಪಾ?”

ಕೇರಂ ಬೋರ್ಡಿನಲ್ಲಿ ಕೆಂಪು ಕಾಯಿ ಕಾಣೆಯಾಗಿತ್ತು. ಅದರ ಬದಲು ಒಂದು ನಟ್ಟು ಇಟ್ಟೆ. ನಟ್ಟು ಎಲ್ಲಿ ಹೊಡೆದರೂ ಇದ್ದಲ್ಲೇ ಕೂತಿತು. ಮೂರು ಗಂಟೆಗೆ ಅವಳು ಹೋಮ್‌ವರ್ಕ್ ಮಾಡುತ್ತೇನೆ ಎಂದಳು. ಯಾರೂ ಹೇಳದೆಯೇ! ಅಲ್ಲಿಗೆ ಪರ್ಸಿಲ್ಲದ ಮೊದಲ ಶನಿವಾರದ ಹಣೆಬರಹ ಗೊತ್ತಾಯಿತು.

ಜೂನ್ ೮, ಭಾನುವಾರ

ಕೆರೆ ಸುತ್ತಿಸಿದೆ. ಬಾತುಕೋಳಿ ಎಣಿಸಲು ಹೇಳಿದೆ, ಹದಿನಾಲ್ಕು ಇದ್ದವು. ಆಮೇಲೆ ಮಾತು ಮುಗಿಯಿತು. ನಾನು ಮಾತುಗಾರನಲ್ಲ. ಬಾಗಿಲಲ್ಲಿ ಅವಳ ಅಮ್ಮ ಗಡಿಯಾರ ನೋಡಿ, “ಇನ್ನೂ ಐದೂವರೆ,” ಎಂದಳು. ಇಣಚಿಯೇ ಬೇಗ ಹೋಗೋಣವೆಂದದ್ದು ಅಂತ ಹೇಳಲಿಲ್ಲ.

ಸೋಲೊಪ್ಪಿಕೊಳ್ಳುವ ಪ್ರಶ್ನೆಯೇ ಇಲ್ಲ.

ಜೂನ್ ೧೪, ಶನಿವಾರ

ಈ ಸಲ ವೇಳಾಪಟ್ಟಿ ಹರಿದುಹಾಕಿದೆ. ದಾರಿಯಲ್ಲಿ ಮಳೆ ಬಂತು, ಕಂಡ ಅಂಗಡಿಗೆ ನುಗ್ಗಿದೆವು. ಮೂರು ಅಂತಸ್ತಿನ ಫರ್ನಿಚರ್ ಶೋರೂಮು. ಸುಮ್ಮನೆ ನಿಂತರೆ ಅನುಮಾನ ಬರುತ್ತದೆಂದು ಒಂದು ಸೋಫಾದ ಮೇಲೆ ಕೂತೆ. ಇಣಚಿ ಪಕ್ಕದಲ್ಲಿ ಕೂತು ನನ್ನ ಕಿವಿಯಲ್ಲಿ, “ಅಪ್ಪಾ, ಇದು ನಮ್ಮನೆ ಅಂತ ಆಡೋಣ,” ಎಂದಳು. ಆಮೇಲೆ ಕೇಳಬೇಕೆ? ಊಟದ ಮೇಜಿಗೆ ಹೋಗಿ ಊಟ ಮಾಡಿದೆವು, ಮಂಚದ ಮೇಲೆ ಮಲಗಿ ಗೊರಕೆ ಹೊಡೆದೆವು, ಬೀರು ತೆಗೆದು ಇಲ್ಲದ ಬಟ್ಟೆಗೆ ಜಗಳ ಆಡಿದೆವು.

ಟೈ ಕಟ್ಟಿಕೊಂಡ ಸೇಲ್ಸ್‌ಮನ್ ನೆರಳಿನ ಹಾಗೆ ಹಿಂದೆಯೇ ಇದ್ದ. ಕೊನೆಗೆ ತಡೆಯಲಾರದೆ, “ಹಾಲ್ ಯಾವ ಸೈಜ್ ಸಾರ್ ನಿಮ್ದು?” ಎಂದ.

ನಾನು ಬಾಯಿ ಬಿಡುವ ಮೊದಲೇ ಇಣಚಿ, “ನಮ್ಗೆ ಎರಡು ಹಾಲ್ ಇದೆ ಅಂಕಲ್. ಅಪ್ಪಂದೊಂದು, ಅಮ್ಮಂದೊಂದು. ಅಪ್ಪನ ಹಾಲ್‌ನಲ್ಲಿ ಸೋಫಾ ಹಾಕಿದ್ರೆ ಅಪ್ಪ ಹೊರಗೆ ಮಲಗ್ಬೇಕು,” ಎಂದಳು.

ಸೇಲ್ಸ್‌ಮನ್ ನಕ್ಕ. ನಾನೂ ನಕ್ಕೆ. ಹೊರಗೆ ಬಂದ ಮೇಲೆ ಆ ಎರಡು ಹಾಲ್ ಎದೆಯಲ್ಲೇ ಉಳಿಯಿತು. ಅಷ್ಟು ಸಲೀಸಾಗಿ ಹೇಳಿಬಿಟ್ಟಳು. ಎಷ್ಟು ದಿನದಿಂದ ಅಭ್ಯಾಸ ಮಾಡಿಕೊಂಡಿದ್ದಳೋ.

ಜೂನ್ ೧೮, ಬುಧವಾರ

ಎರಡು ಕಂಪನಿಗೆ ಹೋಗಿ ಬಂದೆ. “ಹೇಳಿ ಕಳಿಸ್ತೀವಿ” ಎಂದರು. ಹೇಳಿ ಕಳಿಸುವವರು ಯಾರೂ ಹಾಗನ್ನುವುದಿಲ್ಲ.

ಜೂನ್ ೨೨, ಭಾನುವಾರ

ನಿನ್ನೆ ನಮ್ಮ ಅಡುಗೆಮನೆ ಬಾಗಿಲು ಕಿರುಗುಟ್ಟಿತು. ಎಣ್ಣೆ ಡಬ್ಬಿ ತಂದೆ. ನಾನು ಹಾಕುತ್ತೇನೆ ಎಂದು ಇಣಚಿ ಕಿತ್ತುಕೊಂಡಳು. ಎರಡು ಹನಿ ಬಿಟ್ಟದ್ದೇ ತಡ, ಬಾಗಿಲು ತುಟಿಪಿಟಿಕ್ಕೆನ್ನಲಿಲ್ಲ. ಅವಳ ಕಣ್ಣು ನೋಡಬೇಕಿತ್ತು! ಇನ್ನೊಂದು ಬಾಗಿಲು ಬೇಕೆಂದಳು. ನನ್ನ ಮನೆಯಲ್ಲಿ ಇರುವುದೇ ಮೂರು. ಮುಗಿದ ಮೇಲೆ ಇಡೀ ಕಟ್ಟಡದ ಬಾಗಿಲುಗಳನ್ನು ತಟ್ಟಿಕೊಂಡು ಹೊರಟೆವು. “ನಿಮ್ಮನೆ ಬಾಗಿಲು ಸದ್ದು ಮಾಡುತ್ತಾ? ಫ್ರೀ ಸರ್ವಿಸ್,” ಎಂದು ಅವಳೇ ಕೇಳುವುದು. ನಾನು ಹಿಂದೆ ಡಬ್ಬಿ ಹಿಡಿದ ಸಹಾಯಕ. ಈ ಕಟ್ಟಡಕ್ಕೆ ಬಂದು ಎಂಟು ತಿಂಗಳಾದರೂ ಯಾರ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ. ನಿನ್ನೆ ಹದಿನಾರು ಮನೆಯವರು ಪರಿಚಯವಾದರು.

ಕೆಳಮನೆಯ ಅಜ್ಜಿ ಮಾತ್ರ ಬಾಗಿಲಿಗೆ ಅಡ್ಡ ನಿಂತರು. “ಬೇಡ ಮಗಳೇ. ಆ ಸದ್ದಿಂದ್ಲೇ ನಂಗೆ ಮಗ ಬಂದ ಅಂತ ಗೊತ್ತಾಗೋದು. ಅವನು ಮಾತಾಡಲ್ಲ, ಬಂದು ಸೀದಾ ರೂಮಿಗೆ ಹೋಗ್ತಾನೆ. ಬಾಗಿಲಾದ್ರೂ ಮಾತಾಡ್ಲಿ.”

ಇಣಚಿ ಮೆಟ್ಟಿಲು ಹತ್ತುವಾಗ ಏನೋ ಯೋಚಿಸುತ್ತಿದ್ದಳು. “ಅಪ್ಪಾ, ಆ ಅಜ್ಜಿ ಮಗ ಥೇಟ್ ನಿನ್ ಥರ,” ಎಂದಳು. ಮೊದಲು ಅಂದಳು, ಆಮೇಲೆ ನಾಲಿಗೆ ಕಚ್ಚಿಕೊಂಡಳು. ಈಗ ಹಾಗಿಲ್ಲವಲ್ಲ ಎಂದು ವಾದ ಹೂಡೋಣವೆನಿಸಿತು. ಹೂಡಲಿಲ್ಲ.

ಇವತ್ತು ಅವಳನ್ನು ಬಿಡಲು ಹೋಗುವಷ್ಟರಲ್ಲಿ ಆರೂ ಇಪ್ಪತ್ತು.

ಜೂನ್ ೨೮, ಶನಿವಾರ

ಇಣಚಿಗೆ ಜ್ವರ. ಬರಲಿಲ್ಲ. ದಿನವಿಡೀ ಎಣ್ಣೆ ಡಬ್ಬಿ ನೋಡಿಕೊಂಡು ಕೂತಿದ್ದೆ.

ಜುಲೈ ೬, ಭಾನುವಾರ

ಈ ವಾರ ಹೇಳುವಂಥದ್ದೇನೂ ಮಾಡಲಿಲ್ಲ. ರೈಲಿನ ಮೇಲ್ಸೇತುವೆಯ ಮೇಲೆ ನಿಂತು ಕೆಳಗೆ ಹೋಗುವ ಡಬ್ಬಿಗಳಿಗೆಲ್ಲ ಕೈಬೀಸಿದೆವು. ಯಾರು ವಾಪಸ್ ಕೈಬೀಸುತ್ತಾರೋ ಅವರು ಎಲ್ಲಿಗೆ ಹೋಗುತ್ತಿದ್ದಾರೆಂದು ಕಥೆ ಕಟ್ಟುವುದು. ನನ್ನ ಕಥೆಗಳಲ್ಲಿ ಎಲ್ಲರೂ ಲಿಫ್ಟ್ ರಿಪೇರಿಗೇ ಹೋಗುತ್ತಾರೆ ಎಂದು ಇಣಚಿ ಗೇಲಿ ಮಾಡಿದಳು. “ಬೇರೆ ಏನೂ ಗೊತ್ತಿಲ್ವಾ ನಿಂಗೆ?”

ಗೊತ್ತಿಲ್ಲ. ಮುಂದಿನ ವಾರ ನಿನ್ನ ಲಿಫ್ಟ್ ತೋರಿಸು ಎಂದಿದ್ದಾಳೆ.

ಜುಲೈ ೧೨, ಶನಿವಾರ

ಇವತ್ತಿನದನ್ನು ಉದ್ದವಾಗಿಯೇ ಬರೆಯಬೇಕು.

ಆರು ಅಂತಸ್ತಿನ ಆ ಆಫೀಸು ಕಟ್ಟಡದ ಲಿಫ್ಟನ್ನು ಹದಿಮೂರು ವರ್ಷ ನಾನೇ ನೋಡಿಕೊಂಡವನು. ಶನಿವಾರ ಅಲ್ಲಿ ಜನ ಇರುವುದಿಲ್ಲ. ಹಳೆಯ ವಾಚ್‌ಮನ್ ನನ್ನನ್ನು ಕಂಡದ್ದೇ ಸೆಲ್ಯೂಟ್ ಹೊಡೆದರು. ನನ್ನ ಕೆಲಸ ಹೋದದ್ದು ಅವರಿಗೆ ಗೊತ್ತಿಲ್ಲ. “ಚೆಕಿಂಗ್,” ಎಂದು ಸುಳ್ಳು ಹೇಳಿದೆ. “ಒಂದು ಗಂಟೆಗೆ ಮೊದ್ಲೇ ಇಳೀತೀವಿ.”

ಟೂಲ್ ಬ್ಯಾಗ್ ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಶನಿವಾರ ಆ ಬ್ಯಾಗ್ ಹೆಗಲೇರಿತೆಂದರೆ ಅಪ್ಪ ಮಾಯ ಎಂದು ಇಣಚಿಗೆ ಮೊದಲಿನಿಂದಲೂ ಲೆಕ್ಕ.

ಮೇಲೆ ತಾರಸಿಯ ಮೆಷೀನ್ ರೂಮು. ದೊಡ್ಡ ಚಕ್ರ, ಅದರ ಮೇಲೆ ಹಾದುಹೋಗುವ ಆರು ಉಕ್ಕಿನ ಹಗ್ಗ, ಎಲ್ಲ ತೋರಿಸಿದೆ. ಅವಳು ನೋಡುತ್ತಿದ್ದದ್ದು ಗೋಡೆಯನ್ನು. ಎಣ್ಣೆ ಬದಲಿಸಿದಾಗಲೆಲ್ಲ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆಯುವುದು ನಮ್ಮ ಕೆಲಸದವರ ಪದ್ಧತಿ. ಸಾಲುಸಾಲು ತಾರೀಖು. ಬೆರಳಿಟ್ಟು ಓದುತ್ತ ಹೋದವಳು ಒಂದು ಕಡೆ ನಿಂತಳು. ತಾರೀಖಿನ ಮುಂದೆ ನನ್ನದೇ ಕೈಬರಹ: “ಎಣ್ಣೆ ಹಾಕಿದೆ. ಹೆಣ್ಣು. ಎರಡೂ ಮುಕ್ಕಾಲು ಕೆಜಿ.”

“ಇದು ನಾನಾ?”

“ಹೂಂ. ಆಸ್ಪತ್ರೆಯಿಂದ ಫೋನ್ ಬಂತು. ಖುಷಿಗೆ ಏನ್ ಮಾಡ್ಬೇಕೋ ಗೊತ್ತಾಗ್ಲಿಲ್ಲ. ಪೆನ್ಸಿಲ್ ಕೈಲಿತ್ತು.”

“ಅವತ್ತೂ ಕೆಲಸಕ್ಕೆ ಬಂದಿದ್ಯಾ?”

ಬಂದಿದ್ದೆ ಎಂದೆ. ಅವಳು ಬೈಯಲಿಲ್ಲ. ಆ ಸಾಲನ್ನು ಮತ್ತೆ ಮತ್ತೆ ಓದಿದಳು. ನನ್ನ ಜೇಬಿನ ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೆ ಇವತ್ತಿನ ತಾರೀಖು ಹಾಕಿ, “ಈಗ ಮೂವತ್ತೊಂದು ಕೆಜಿ” ಎಂದು ಬರೆದಳು. ಇದರಲ್ಲೆಲ್ಲ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಕೆಳಗಿಳಿಯಲು ನಾವು ಹತ್ತಿದ ಲಿಫ್ಟ್ ಆರನೆಯ ಅಂತಸ್ತು ದಾಟಿ ಐದಕ್ಕೆ ಬರುವ ಮೊದಲೇ ಧಡಕ್ಕೆಂದು ನಿಂತಿತು. ದೀಪ ಹೋಗಿ ಬ್ಯಾಟರಿಯ ಸಣ್ಣ ದೀಪ ಹತ್ತಿತು. ಗಡಿಯಾರ ನೋಡಿಕೊಂಡೆ. ಸರಿಯಾಗಿ ಒಂದು ಗಂಟೆ.

ಶನಿವಾರ ಒಂದು ಗಂಟೆಗೆ ವಾಚ್‌ಮನ್ ಮೇನ್ ಸ್ವಿಚ್ ಆಫ್ ಮಾಡಿ ಊಟಕ್ಕೆ ಹೋಗುತ್ತಾರೆ. ಮೋಟಾರಿಗೆ ಒಳ್ಳೆಯದೆಂದು ಆ ನಿಯಮ ಮಾಡಿಸಿದವನು ನಾನೇ. ಯಾರು ಏನೇ ಹೇಳಲಿ, ಒಂದು ಗಂಟೆ ಅಂದರೆ ಒಂದು ಗಂಟೆ ಎಂದು ಕಣ್ಣು ಕೆಂಪಗೆ ಮಾಡಿ ಕಲಿಸಿದ್ದೆ. ಎಚ್ಚರಿಕೆಯ ಗಂಟೆ ಒತ್ತಿದೆ. ಸದ್ದಿಲ್ಲ. ಅದರ ಬ್ಯಾಟರಿ ಬದಲಿಸಿ ಎಂದು ನಾಲ್ಕು ಸಲ ಬರೆದು ಕೊಟ್ಟಿದ್ದೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಬಾಗಿಲು ತೆಗೆಯುವ ಕೀಲಿ ಟೂಲ್ ಬ್ಯಾಗಿನಲ್ಲಿ. ಹದಿನೇಳು ವರ್ಷ ಬೇರೆಯವರನ್ನು ಲಿಫ್ಟಿನಿಂದ ಹೊರಗೆ ತೆಗೆದ ಮಹಾನುಭಾವ ಮಗಳ ಸಮೇತ ಒಳಗೆ ಸಿಕ್ಕಿಕೊಂಡಿದ್ದೆ.

ಜೀವ ಬಾಯಿಗೆ ಬಂದದ್ದು ಲಿಫ್ಟ್ ನಿಂತದ್ದಕ್ಕಲ್ಲ. ಆರು ಹಗ್ಗಗಳಲ್ಲಿ ಒಂದೇ ಸಾಕು ನಮ್ಮಿಬ್ಬರಿಗೆ, ಬೀಳುವ ಮಾತೇ ಇಲ್ಲ. ಇವಳ ಅಮ್ಮನಿಗೆ ಗೊತ್ತಾದರೆ ತಿಂಗಳಿಗೊಮ್ಮೆಯೂ ಇಲ್ಲ, ಅಷ್ಟೇ. ಅದು ನನ್ನ ಭಯ.

ಇಣಚಿ ಮಾತ್ರ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತಳು. “ಎಷ್ಟೊತ್ತು?”

“ಒಂದು ಗಂಟೆ, ಒಂದೂವರೆ ಗಂಟೆ. ಅವರು ಊಟ ಮಾಡಿ ಬರ್ಬೇಕು.”

“ಹಾಗಾದ್ರೆ ನೀನೂ ಕೂತ್ಕೋ.”

ಕೂತೆ. ಬೀಳುವುದಿಲ್ಲ ಹೇಗೆ ಗೊತ್ತು ಎಂದಳು, ಹೇಳಿದೆ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಹೊರಗೆ ಬಂದ ಕೂಡಲೇ ಏನು ಹೇಳುತ್ತಾರೆ ಎಂದಳು. ಕೆಲವರು ಅಳುತ್ತಾರೆ, ಕೆಲವರು ಬೈಯುತ್ತಾರೆ, ಒಬ್ಬ ಮದುಮಗ ಮಾತ್ರ ಇನ್ನೂ ಸ್ವಲ್ಪ ಹೊತ್ತು ಬಿಡಬೇಕಿತ್ತು ಎಂದ ಎಂದೆ. ಬಿದ್ದು ಬಿದ್ದು ನಕ್ಕಳು. ಕೆಲಸ ಮುಗಿಯಿತು ಅಂತ ಯಾವಾಗ ಗೊತ್ತಾಗುತ್ತೆ ಎಂದಳು.

“ಗ್ರಾಹಕರು ಪುಸ್ತಕದಲ್ಲಿ ಸಹಿ ಹಾಕ್ಬೇಕು. ಸಹಿ ಇಲ್ದೆ ಕೆಲಸ ಮುಗಿದ ಹಾಗಲ್ಲ.”

ಆಮೇಲೆ ನನ್ನ ಕಡೆ ನೋಡದೆ, ಚಪ್ಪಲಿಯ ಪಟ್ಟಿ ಎಳೆಯುತ್ತ ಹೇಳಿದಳು: “ಅಪ್ಪಾ, ನಿಂಗೀಗ ಕೆಲಸ ಇಲ್ಲ ಅಲ್ವಾ?”

“ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ನಿನ್ ಫೋನ್ ಹೊಡ್ಕೊಳ್ಳಲ್ಲ. ಮಾಲ್‌ಗೆ ಹೋದಾಗ ನಾನು ಆಟ ಆಡ್ತಿದ್ರೆ ನೀನು ಹೊರಗೆ ನಿಂತು ಫೋನಲ್ಲಿ ಮಾತಾಡ್ತಾನೇ ಇರ್ತಿದ್ದೆ. ಸಿನಿಮಾ ಮಧ್ಯದಲ್ಲಿ ಎದ್ದು ಹೋಗ್ತಿದ್ದೆ. ಈಗ ಒಂದ್ಸಲಾನೂ ಹೊಡ್ಕೊಂಡಿಲ್ಲ.”

ಐದು ವಾರ ಬಚ್ಚಿಟ್ಟೆ ಎಂದುಕೊಂಡಿದ್ದೆನಲ್ಲ, ಬೆಪ್ಪುತಕ್ಕಡಿ. “ಅಮ್ಮಂಗೆ ಹೇಳಿದ್ಯಾ?”

“ಇಲ್ಲ. ಹೇಳಿದ್ರೆ ಅಮ್ಮ ನಿಂಗೆ ಬೇರೆ ಕೆಲಸ ಹುಡುಕಿ ಕೊಟ್ಟುಬಿಡ್ತಾಳೆ.”

ಅದರಲ್ಲಿ ತಪ್ಪೇನು ಎಂದು ನನಗೆ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ದೀಪ ಬಂತು, ಲಿಫ್ಟ್ ಅಲುಗಾಡಿ ಇಳಿಯತೊಡಗಿತು. ಕೆಳಗೆ ವಾಚ್‌ಮನ್ ಬಾಯಿ ತೆರೆದು ನಿಂತಿದ್ದರು.

“ಮೆಟ್ಲಲ್ಲಿ ಇಳಿದು ಹೋದ್ರಿ ಅನ್ಕೊಂಡೆ ಸಾರ್! ನೀವೇ ಅಲ್ವಾ ಹೇಳಿದ್ದು, ದೇವ್ರೇ ಬಂದು ಹೇಳಿದ್ರೂ ಒಂದು ಗಂಟೆಗೆ ಆಫ್ ಅಂತ?”

ನಾನೇ ಹೇಳಿದ್ದು ಎಂದೆ. ಕೆಲಸ ಹೋದದ್ದನ್ನೂ, ಚೆಕಿಂಗ್ ಸುಳ್ಳೆಂಬುದನ್ನೂ ಅವರಿಗೆ ಅಲ್ಲೇ ಹೇಳಿಬಿಟ್ಟೆ. ಮಗಳ ಮುಂದೆ ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಜುಲೈ ೧೩, ಭಾನುವಾರ

ಬಾಗಿಲು ತೆಗೆದದ್ದೇ ತಡ ಇಣಚಿ ಒದರಿಬಿಟ್ಟಳು. “ಅಮ್ಮಾ, ನಾವು ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ವಿ! ಒಂದೂ ಕಾಲು ಗಂಟೆ!” ಪರೀಕ್ಷೆಯಲ್ಲಿ ಮೊದಲು ಬಂದವಳ ಮುಖ.

ನಾನು ಬೈಗುಳಕ್ಕೆ ತಲೆ ಕೊಟ್ಟು ನಿಂತೆ. ಅವಳ ಅಮ್ಮ ನನ್ನ ಹೆಗಲ ಕಡೆ ನೋಡಿದಳು. “ಟೂಲ್ ಬ್ಯಾಗ್ ಇರ್ಲಿಲ್ವಾ ನಿಮ್ಮತ್ರ?”

“ಶನಿವಾರ ತರಲ್ಲ ಈಗ.”

ಬೈಯಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟಳು. ಒಂಬತ್ತು ತಿಂಗಳಲ್ಲಿ ಮೊದಲ ಸಲ. ಅವಳೂ ಪಾಪ ಎಷ್ಟು ಶನಿವಾರ ಆ ಬ್ಯಾಗ್ ಹೊರಡುವುದನ್ನು ನೋಡಿದ್ದಳು. ತಿಂಗಳ ಕೊನೆಗೆ ಮಗಳನ್ನು ಕೇಳುತ್ತೇನೆ ಅಂತಾಗಲಿ, ಕೇಳುವುದಿಲ್ಲ ಅಂತಾಗಲಿ ಹೇಳಲಿಲ್ಲ.

ಜುಲೈ ೨೩, ಬುಧವಾರ

ನಮ್ಮನ್ನು ನುಂಗಿದ ದೊಡ್ಡ ಕಂಪನಿಯಿಂದಲೇ ಫೋನು. ಹಳೆಯ ಸಂಬಳಕ್ಕಿಂತ ಜಾಸ್ತಿ. ನಾಳೆಯೇ ಬನ್ನಿ ಎಂದರು. ಪಾಳಿ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ, ತುರ್ತು ಕರೆಗಳು.

ಶನಿವಾರ, ಭಾನುವಾರ ಬಿಟ್ಟು ಏನು ಬೇಕಾದರೂ ಹೇಳಿ, ಮಾಡುತ್ತೇನೆ ಎಂದೆ. ಶನಿವಾರ, ಭಾನುವಾರಕ್ಕೇ ಜನ ಬೇಕಾಗಿರುವುದು ಎಂದರು. ಹಾಗಾದರೆ ಆಗುವುದಿಲ್ಲ ಎಂದು ಫೋನ್ ಇಟ್ಟೆ. ಇಟ್ಟಮೇಲೆ ಹೋಗಿ ಅಕ್ಕಿ ಡಬ್ಬಿ ತೆಗೆದು ನೋಡಿದೆ. ಮನೆಯಲ್ಲಿ ಅಕ್ಕಿ ಇದೆ, ಬಾಡಿಗೆಗೆ ಇನ್ನೊಂದು ತಿಂಗಳ ಉಸಿರಿದೆ. ಆಗುವುದಿಲ್ಲ ಎಂದರೆ ಆಗುವುದಿಲ್ಲ.

ಜುಲೈ ೨೮, ಸೋಮವಾರ

ಆ ಆಫೀಸು ಕಟ್ಟಡದ ಮ್ಯಾನೇಜರ್ ಕರೆಸಿದ್ದರು. ವಾಚ್‌ಮನ್ ಎಲ್ಲ ಹೇಳಿದ್ದಾರೆ. ಬೈಯಲೆಂದೇ ಕರೆದಿರಬೇಕೆಂದು ಹೋದೆ. ಎಚ್ಚರಿಕೆಯ ಗಂಟೆ ಸತ್ತಿದ್ದದ್ದಕ್ಕೆ ಅವರಿಗೆ ನಾಚಿಕೆಯಾಗಿದೆ. ಅವರದೇ ಮೂರು ಕಟ್ಟಡಗಳಿವೆ, ಲಿಫ್ಟುಗಳ ಜೊತೆ ನೀರು, ಕರೆಂಟು ಎಲ್ಲ ನೋಡಿಕೊಳ್ಳಿ, ಸೋಮವಾರದಿಂದ ಶುಕ್ರವಾರ ಎಂದರು. ಸಂಬಳ ಮೊದಲಿನದರ ಮುಕ್ಕಾಲು ಭಾಗವೂ ಇಲ್ಲ. ಒಪ್ಪಿಕೊಂಡೆ. ಹೊರಗೆ ಬರುವಾಗ ವಾಚ್‌ಮನ್, “ಶನಿವಾರ ಒಂದು ಗಂಟೆಗೆ ಆಫ್ ಮಾಡ್ಲಾ ಬೇಡ್ವಾ ಸಾರ್ ಇನ್ಮೇಲೆ?” ಎಂದರು. ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಆಫ್ ಮಾಡಿ ಎಂದೆ.

ಆಗಸ್ಟ್ ೨, ಶನಿವಾರ

ಜುಲೈ ಮುಗಿಯಿತು. ಅವಳ ಅಮ್ಮ ಫೋನೂ ಮಾಡಲಿಲ್ಲ. ಬೆಳಿಗ್ಗೆ ಕರೆತರಲು ಹೋದಾಗ ಕೇಳಲು ಬಾಯಿ ಬರಲಿಲ್ಲ. ಇಣಚಿ ಶೂ ಹಾಕಿಕೊಂಡು ಬಾಗಿಲಲ್ಲೇ ತಯಾರಿದ್ದಳು.

ದಾರಿಯಲ್ಲಿ ಹೊಸ ಕೆಲಸದ ಸುದ್ದಿ ಹೇಳಿದೆ. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಸಣ್ಣದಾಯಿತು. ನಡೆಯುತ್ತಿದ್ದವಳು ನಿಂತೇಬಿಟ್ಟಳು.

“ಹಾಗಾದ್ರೆ ಇನ್ಮೇಲೆ ಮತ್ತೆ ಮಾಲ್‌ಗೇ ಹೋಗ್ಬೇಕಾ?”

ರಸ್ತೆಯ ಮಧ್ಯದಲ್ಲಿ ನಾನೂ ನಿಂತೆ. ಲಿಫ್ಟಿನೊಳಗೆ ಕೇಳಲಾಗದೆ ಉಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಭಾನುವಾರ ಸಂಜೆಗಳ ಆ ಸಪ್ಪೆ ಮುಖ ಯಾಕೆಂದೂ ಗೊತ್ತಾಯಿತು. ಅಷ್ಟೆಲ್ಲ ಮಷೀನುಗಳ ನಡುವೆ ಅವಳೊಬ್ಬಳನ್ನೇ ಬಿಟ್ಟು ಗಾಜಿನಾಚೆ ಫೋನ್ ಹಿಡಿದು ನಿಂತವನು ನಾನು.

“ಇಲ್ಲ ಕಣೇ. ಶನಿವಾರ ನಂಗೆ ರಜ. ಫೋನೂ ಹೊಡ್ಕೊಳ್ಳಲ್ಲ.”

“ಪರ್ಸ್?”

“ಅದೂ ನಿಂಗೆ ಗೊತ್ತಾ?”

“ಬೀರೂಲಿದೆ. ಅಲ್ಲೇ ಇರ್ಲಿ.” ಮತ್ತೆ ನಡೆಯತೊಡಗಿದಳು. ನಾಲ್ಕು ಹೆಜ್ಜೆ ಹೋಗಿ, ಏನೋ ಮರೆತವಳಂತೆ, “ಅಮ್ಮ ಗುರುವಾರ ಕೇಳಿದ್ಲು. ಪ್ರತಿ ವಾರ ಅಂದೆ. ನಿಂಗೆ ಹೇಳೋದು ಮರ್ತೋಯ್ತು,” ಎಂದಳು.

ಮರೆತಳಂತೆ! ಎಂಟು ವಾರದಿಂದ ನಾನು ಹಲ್ಲು ಕಚ್ಚಿ ಹಿಡಿದದ್ದು ಅವಳಿಗೆ ಮರೆತುಹೋಗುವಷ್ಟು ಸಣ್ಣ ಮಾತು.

ಈಗ ಸಂಜೆ ಐದು. ಕೆಳಮನೆ ಅಜ್ಜಿಗೆ ಕೈಚೀಲದ ಜಿಪ್ ಸರಿ ಮಾಡಿಕೊಟ್ಟು ಬಂದೆವು. ಇಣಚಿ ಎದುರಿಗೆ ಕೂತು ಕಾಲಾಡಿಸುತ್ತಿದ್ದಾಳೆ. ಯಾವ ಪುಸ್ತಕ ಅದು, ಸರ್ವಿಸ್ ಪುಸ್ತಕವಾ ಎಂದು ಆಗಲೇ ಮೂರು ಸಲ ಕೇಳಿದ್ದಾಳೆ. ಮೇಲೆ ಬರೆದದ್ದು ಕಾಣದ ಹಾಗೆ ಅಂಗೈ ಅಡ್ಡ ಇಟ್ಟು ಈ ಸಾಲು ಬರೆಯುತ್ತಿದ್ದೇನೆ. ಕೆಳಗಿನ ಮೂಲೆಯ ಅಂಕಣ ಅವಳ ಕಣ್ಣಿಗೆ ಬಿದ್ದಿದೆ. ಪೆನ್ನು ಕೊಡು ಎಂದು ಕೈ ಚಾಚಿದ್ದಾಳೆ.

ದೂರು: ಇಲ್ಲ.
ಮಾಡಿದ ಕೆಲಸ: ಹೇಳುವಂಥದ್ದೇನಿಲ್ಲ.
ಹಾಕಿದ ಹೊಸ ಸಾಮಾನು: ಯಾವುದೂ ಇಲ್ಲ.
ಗ್ರಾಹಕರ ಸಹಿ: ಇಣಚಿ (ಮುಂದಿನ ಶನಿವಾರ ಎಣ್ಣೆ ಡಬ್ಬಿ ತುಂಬಿಸಿಡು)